ಹಳೆಯ ಟೋಪೋ ಹಾಳೆಯಲ್ಲಿ ಮೊದಲು ಕಪ್ಪು ಗೆರೆ ಹುಡುಕಿ

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಶಾಲೆಯ ಬೀರುವಿನಲ್ಲಿ ಸರ್ವೆ ಆಫ್ ಇಂಡಿಯಾದ ಒಂದು ಹಳೆಯ ನಕ್ಷೆ ಸಿಕ್ಕಿತು. ಮೇಲೆ 57 ಜಿ/15 ಎಂದಿದೆ, ಸ್ಕೇಲು 1:50,000. ಅಂಚಿನಲ್ಲಿ ಎರಡು ಬೇರೆ ಬೇರೆ ವರ್ಷಗಳಿವೆ. ಮಕ್ಕಳಿಗೆ ತೋರಿಸಿದೆ. ಎಲ್ಲರೂ ತಮ್ಮ ತಮ್ಮ ಊರು ಹುಡುಕಿ ಖುಷಿಪಟ್ಟರು. ಆಮೇಲೆ ಏನು ನೋಡಬೇಕು ಅಂತ ನನಗೇ ತೋಚಲಿಲ್ಲ. ನಮ್ಮೂರ ಕೆರೆಗೆ ನಕ್ಷೆಯಲ್ಲಿ ನೀಲಿ ಬಣ್ಣವೇ ಇಲ್ಲ. ಊರಿನ ಉತ್ತರಕ್ಕೆ, ಈಗ ಇಲ್ಲದ ಒಂದು ಹಳ್ಳಿಯ ಹೆಸರಿದೆ. ಈಗ ಹಿಪ್ಪುನೇರಳೆ ತೋಟ ಇರುವ ಕಡೆಯಿಂದ ಒಂದು ಕಪ್ಪು ಗೆರೆ ಕೆರೆಗೆ ಬಂದು ಸೇರುತ್ತದೆ. ಅಲ್ಲಿ ಹಳ್ಳ ಇತ್ತು ಅಂತ ಹಿರಿಯರು ಹೇಳುತ್ತಾರೆ. ಇಂಥ ನಕ್ಷೆಯನ್ನು ಎಲ್ಲಿಂದ ಓದಲು ಶುರು ಮಾಡಬೇಕು? ಎಷ್ಟು ನಂಬಬಹುದು? ಆ ಹಳ್ಳವನ್ನು ಬಿಡಿಸಿಕೊಳ್ಳಲು ಇದು ದಾಖಲೆ ಆಗುತ್ತದಾ?

ಉತ್ತರ: ಮೇಷ್ಟ್ರೇ, ನಿಮ್ಮ ಪ್ರಶ್ನೆಯಲ್ಲಿರುವ ಆ ಕಪ್ಪು ಗೆರೆಯಿಂದಲೇ ಶುರು ಮಾಡೋಣ. ನಮ್ಮ ಬಯಲುಸೀಮೆಯ ಟೋಪೋ ಹಾಳೆ, ಅಂದರೆ ನಿಮ್ಮ ಕೈಯಲ್ಲಿರುವಂಥ ಸರ್ವೆ ನಕ್ಷೆ, ಓದುವುದಕ್ಕೆ ಅದಕ್ಕಿಂತ ಒಳ್ಳೆಯ ಬಾಗಿಲಿಲ್ಲ.

ಹೆಚ್ಚಿನವರು ನೀರು ಹುಡುಕಲು ನೀಲಿ ಬಣ್ಣ ಹುಡುಕುತ್ತಾರೆ. ಮಲೆನಾಡಿನ ಹಾಳೆಯಲ್ಲಾದರೆ ಅದು ಸರಿ. ನಮ್ಮ ಕಡೆ ಅದು ದಾರಿ ತಪ್ಪಿಸುತ್ತದೆ. ಸರ್ವೆ ಆಫ್ ಇಂಡಿಯಾದ ಪದ್ಧತಿಯಲ್ಲಿ ನೀಲಿ ಎಂದರೆ ನೀರು ಇರುವ ಜಾಗ. ವರ್ಷದ ಹೆಚ್ಚು ಕಾಲ ಒಣಗಿರುವ ಹಳ್ಳವನ್ನು ಕಪ್ಪು ಗೆರೆಯಲ್ಲಿ ಬರೆಯುತ್ತಾರೆ. ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲ. ಮಳೆ ವರ್ಷಕ್ಕೆ ಸುಮಾರು 700 ಮಿ.ಮೀ., ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಜಾಸ್ತಿ. ಹಾಗಾಗಿ ನಮ್ಮ ನೀರಿನ ದಾರಿಗಳೆಲ್ಲ ಹಾಳೆಯ ಮೇಲೆ ಹೆಚ್ಚುಕಡಿಮೆ ಕಪ್ಪಾಗಿಯೇ ಇರುತ್ತವೆ. ನೀಲಿ ಮಾತ್ರ ನೋಡಿದವರಿಗೆ ಇದು ನೀರಿಲ್ಲದ ನಾಡು ಅನಿಸುತ್ತದೆ. ಕಪ್ಪು ಗೆರೆಗಳನ್ನು ಹಿಡಿದು ಹೋದವರಿಗೆ ಇಡೀ ತಾಲ್ಲೂಕು ನೀರಿಗಾಗಿಯೇ ಕಟ್ಟಿದ್ದು ಅಂತ ಗೊತ್ತಾಗುತ್ತದೆ.

ನಿಮ್ಮ ಕೆರೆಗೆ ನೀಲಿ ಇಲ್ಲದಿರುವುದೂ ಇದೇ ಕಾರಣಕ್ಕೆ. ಅದು ಒಣ ಕೆರೆಯ ಗುರುತು. ಕೆರೆ ಇರಲಿಲ್ಲ ಅಂತಲ್ಲ, ಕೆರೆ ಹಾಳಾಗಿತ್ತು ಅಂತಲೂ ಅಲ್ಲ. ಬೇಸಿಗೆಗೆ ಬತ್ತುವ ಕೆರೆ ಅಂತ ಅರ್ಥ. ಕೆಲವು ಕೆರೆಗಳಲ್ಲಿ ಏರಿಯ ಹತ್ತಿರ ಒಂದಿಷ್ಟು ನೀಲಿ ಇದ್ದು, ಸುತ್ತಲೂ ಖಾಲಿ ಜಾಗ ಇರುತ್ತದೆ. ಅಲ್ಲಿ ಎರಡೂ ಅಂಚು ಮುಖ್ಯ. ಒಳಗಿನದು ನೀರು ಉಳಿಯುತ್ತಿದ್ದ ಜಾಗ, ಹೊರಗಿನದು ಕೆರೆ ತುಂಬಿದಾಗ ನೀರು ನಿಲ್ಲುವ ಅಂಗಳ. ಒತ್ತುವರಿ ಶುರುವಾಗುವುದು ಯಾವಾಗಲೂ ಈ ಎರಡರ ನಡುವೆ.

ಇನ್ನು ಆ ಎರಡು ವರ್ಷಗಳು. ಒಂದು ಸರ್ವೆ ಮಾಡಿದ ವರ್ಷ, ಇನ್ನೊಂದು ಅಚ್ಚಾದ ವರ್ಷ. ನೀವು ಹಿಡಿಯಬೇಕಾದ್ದು ಸರ್ವೆಯ ವರ್ಷವನ್ನು. ಎರಡರ ನಡುವೆ ಎಷ್ಟೋ ವರ್ಷ ಕಳೆದಿರಬಹುದು. ಅಚ್ಚಾಗುವ ಹೊತ್ತಿಗೆ ಹೊಸ ರಸ್ತೆಯನ್ನೋ ಕಾಲುವೆಯನ್ನೋ ಸೇರಿಸಿದ್ದರೆ ಅದನ್ನೂ ಅಂಚಿನಲ್ಲಿ ಹೇಳಿರುತ್ತಾರೆ. ಮೊದಲು ಅಂಚು ಪೂರ್ತಿ ಓದಿ. ಚಿಹ್ನೆಗಳ ಪಟ್ಟಿ ಇದ್ದರೆ ಅದನ್ನು ಮಕ್ಕಳ ಕೈಯಲ್ಲಿ ಬರೆಸಿ ಗೋಡೆಗೆ ಅಂಟಿಸಿ. ಆವೃತ್ತಿಯಿಂದ ಆವೃತ್ತಿಗೆ ಚಿಹ್ನೆಗಳು ಸ್ವಲ್ಪ ಬದಲಾಗುತ್ತವೆ, ಆದ್ದರಿಂದ ನನ್ನ ಮಾತಿಗಿಂತ ನಿಮ್ಮ ಹಾಳೆಯ ಪಟ್ಟಿಯೇ ಹೆಚ್ಚು.

57 ಜಿ/15 ಎಂಬುದು ವಿಳಾಸ. ಉತ್ತರ ಅಕ್ಷಾಂಶ 12ರಿಂದ 16 ಡಿಗ್ರಿ, ಪೂರ್ವ ರೇಖಾಂಶ 76ರಿಂದ 80 ಡಿಗ್ರಿವರೆಗಿನ ದೊಡ್ಡ ಚೌಕಕ್ಕೆ 57 ಅಂತ ಹೆಸರು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಊರು ಅದರೊಳಗೇ ಇವೆ. ಅದನ್ನು 16 ಚೌಕ ಮಾಡಿ ಇಂಗ್ಲಿಷ್ ಅಕ್ಷರ ಕೊಟ್ಟಿದ್ದಾರೆ. ಒಂದೊಂದು ಅಕ್ಷರದ ಚೌಕವನ್ನು ಮತ್ತೆ 16 ಮಾಡಿದ್ದಾರೆ. ಎಣಿಕೆ ಮೇಲಿಂದ ಕೆಳಗೆ ಹೋಗುತ್ತದೆ, ಆಮೇಲೆ ಬಲಗಡೆಯ ಸಾಲು. ತುಮಕೂರು ಪಟ್ಟಣ 57 ಜಿ/3ರಲ್ಲಿ, ಚಿಕ್ಕಬಳ್ಳಾಪುರ ಮತ್ತು ನಂದಿ ಬೆಟ್ಟ 57 ಜಿ/11ರಲ್ಲಿ, ಕೋಲಾರ 57 ಕೆ/4ರಲ್ಲಿ ಬರುತ್ತವೆ. ನಿಮ್ಮ ಹಾಳೆಯ ಒಂದೊಂದು ಬದಿ ನೆಲದ ಮೇಲೆ ಸುಮಾರು 27 ಕಿ.ಮೀ. ಹಾಳೆಯ ಮೇಲೆ 2 ಸೆಂ.ಮೀ. ಅಂದರೆ 1 ಕಿ.ಮೀ. ಒಂದು ಚದರ ಸೆಂಟಿಮೀಟರ್ ಅಂದರೆ 25 ಹೆಕ್ಟೇರು, ನಮ್ಮ ಲೆಕ್ಕದಲ್ಲಿ ಸುಮಾರು 62 ಎಕರೆ. ಇದೊಂದು ನೆನಪಿದ್ದರೆ ಮಕ್ಕಳು ತಮ್ಮೂರ ಕೆರೆಯ ಅಂಗಳ ಎಷ್ಟು ಎಕರೆ ಅಂತ ಸುಮಾರಾಗಿ ಲೆಕ್ಕ ಹಾಕಬಲ್ಲರು. ಇನ್ನೂ ಹಳೆಯ ಹಾಳೆಗಳಲ್ಲಿ ಒಂದು ಇಂಚಿಗೆ ಒಂದು ಮೈಲಿ. ಅಲ್ಲಿ ಒಂದು ಚದರ ಇಂಚು 640 ಎಕರೆ.

ಈಗ ಮುಖ್ಯ ಕೆಲಸ. ಹಾಳೆಯ ಮೇಲೆ ಟ್ರೇಸಿಂಗ್ ಪೇಪರ್ ಇಡಿ. ಹಾಳೆಗೆ ಪೆನ್ಸಿಲ್ ತಾಗಿಸಬೇಡಿ, ಅದು ಉಳಿಯಬೇಕಾದ ವಸ್ತು. ಒಂದು ನೀಲಿ ಪೆನ್ಸಿಲ್ ತೆಗೆದುಕೊಂಡು ನಿಮ್ಮೂರ ಕೆರೆಗೆ ಬಂದು ಸೇರುವ ಕಪ್ಪು ಗೆರೆಗಳನ್ನೆಲ್ಲ ನೀಲಿ ಮಾಡುತ್ತಾ ಮೇಲಕ್ಕೆ ಹೋಗಿ. ಗಡಿಯ ಗೆರೆಗಳೂ ಕಪ್ಪೇ, ಆದರೆ ಅವು ತುಂಡು ತುಂಡಾಗಿ, ಚುಕ್ಕಿ ಇಟ್ಟು ಬರೆದಿರುತ್ತವೆ. ಹಳ್ಳದ ಗೆರೆ ಡೊಂಕಾಗಿರುತ್ತದೆ, ಕವಲೊಡೆಯುತ್ತದೆ, ಮೇಲಕ್ಕೆ ಹೋದಂತೆ ಸಣ್ಣದಾಗುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಕೆರೆಯ ಏರಿ ಎದುರಾಗುತ್ತದೆ. ಅದರ ಕೋಡಿಯಿಂದಲೇ ನಿಮ್ಮ ಹಳ್ಳ ಹುಟ್ಟುವುದು. ಆ ಕೆರೆಗೂ ಮೇಲಿಂದ ಗೆರೆಗಳು ಬರುತ್ತವೆ. ಹಾಗೇ ಹೋಗುತ್ತಾ ಹೋಗುತ್ತಾ ಕೊನೆಗೆ ಒಂದು ದಿಣ್ಣೆ, ಒಂದು ಕುಂಟೆ, ಅಥವಾ ಗುಡ್ಡದ ಬುಡ ಸಿಗುತ್ತದೆ. ಆಮೇಲೆ ನಿಮ್ಮ ಕೆರೆಯಿಂದ ಕೆಳಕ್ಕೆ ಹೊರಡಿ. ನಿಮ್ಮ ಕೋಡಿ ನೀರು ಮುಂದಿನ ಊರ ಕೆರೆಗೆ, ಅಲ್ಲಿಂದ ಅದರ ಮುಂದಿನ ಊರಿಗೆ. ಒಂದೇ ಪೆನ್ಸಿಲ್ಲಿನ ಗೆರೆಗೆ ಹತ್ತಾರು ಊರು ಪೋಣಿಸಿಕೊಂಡು ಬರುತ್ತವೆ.

ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಪಠ್ಯದಲ್ಲಿ ಕೆರೆಗಳ ಸರಪಳಿ ಅಂತ ಒಂದು ಸಾಲು ಓದುವುದು ಬೇರೆ. ತಮ್ಮೂರಿನ ಮೇಲಿನ ಊರು ಯಾವುದು, ಕೆಳಗಿನ ಊರು ಯಾವುದು ಅಂತ ನೀರಿನ ಲೆಕ್ಕದಲ್ಲಿ ತಿಳಿಯುವುದು ಬೇರೆ. ಬಸ್ಸಿನ ರೂಟಿನಲ್ಲಿ ದೂರದ ಊರು ನೀರಿನ ದಾರಿಯಲ್ಲಿ ಪಕ್ಕದ ಊರಾಗಿರುತ್ತದೆ.

ಕೆರೆಯ ಆಕಾರವನ್ನೂ ನೋಡಲು ಹೇಳಿ. ನಮ್ಮ ಕೆರೆಗಳು ನಕ್ಷೆಯಲ್ಲಿ ಅರ್ಧಚಂದ್ರದ ಹಾಗೆ ಕಾಣುತ್ತವೆ. ಒಂದು ಬದಿ ನೇರ ಅಥವಾ ಸ್ವಲ್ಪ ಬಾಗಿದ ದಪ್ಪ ಗೆರೆ. ಅದೇ ಏರಿ. ಉಳಿದ ಅಂಚು ಅಂಕುಡೊಂಕು, ಏಕೆಂದರೆ ಅದು ನೆಲದ ಮಟ್ಟವನ್ನು ಹಿಂಬಾಲಿಸುತ್ತದೆ. ಏರಿಯ ಪಕ್ಕದಲ್ಲಿ ಒಂದು ಸಣ್ಣ ಅಂಕಿ, ಅದರ ಮುಂದೆ ಇಂಗ್ಲಿಷಿನ ಆರ್ ಅಕ್ಷರ ಇರಬಹುದು. ಅದು ಸಮುದ್ರಮಟ್ಟದಿಂದ ಅಳೆದ ಎತ್ತರ ಅಲ್ಲ. ಪಕ್ಕದ ನೆಲಕ್ಕಿಂತ ಏರಿ ಎಷ್ಟು ಎತ್ತರ ಅನ್ನುವ ಲೆಕ್ಕ. ಬಾವಿಯ ಪಕ್ಕದಲ್ಲಿದ್ದರೆ ಆಳದ ಲೆಕ್ಕ. ಆ ಅಂಕಿಯನ್ನು ಇವತ್ತಿನ ಏರಿಯ ಜೊತೆ ಹೋಲಿಸಿ ನೋಡಿ. ಒಳಬದಿಯಲ್ಲಿ ಅಳೆದರೆ ಎಷ್ಟು ಹೂಳು ತುಂಬಿದೆ ಅನ್ನುವ ಅಂದಾಜೂ ಸಿಗಬಹುದು.

ಏರಿ ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಜಾಗಕ್ಕೆ ಬಂದು ಕೂರುತ್ತದೆ. ಏರಿಯ ಹಿಂದೆ ನೀರು, ಏರಿಯ ಮುಂದೆ ಅಚ್ಚುಕಟ್ಟು. ಗದ್ದೆ, ಅಡಿಕೆ, ತೆಂಗು, ಹಿಂದಿನ ಕಾಲದ ಕಬ್ಬು ಎಲ್ಲ ಏರಿಯ ಕೆಳಗೆ. ಊರು ಸಾಮಾನ್ಯವಾಗಿ ಏರಿಯ ಒಂದು ತುದಿಯ ಹತ್ತಿರ, ಸ್ವಲ್ಪ ಎತ್ತರದ ಕೆಂಪು ನೆಲದಲ್ಲಿ. ಊರ ಪಕ್ಕ ಮರಗಳ ಗುರುತು ಇದ್ದರೆ ಅದು ಗುಂಡುತೋಪು ಇರಬಹುದು: ಮಾವು, ಹುಣಸೆ, ಹೊಂಗೆ, ಹಿಪ್ಪೆ. ಹಳ್ಳದ ಗೆರೆಯ ಉದ್ದಕ್ಕೂ ತಾಳೆ ಜಾತಿಯ ಮರದ ಗುರುತು ಇದ್ದರೆ ನಮ್ಮ ಕಡೆ ಅದು ಬಹುಪಾಲು ಈಚಲು. ಈಚಲು ನಿಂತಿದ್ದ ಕಡೆ ನೆಲದಡಿ ತೇವ ಇತ್ತು ಅಂತಲೇ ತಿಳಿಯಿರಿ. ಹಳದಿ ಬಣ್ಣ ಸಾಗುವಳಿ ಜಮೀನು. ಆದರೆ ಹಳದಿಯಲ್ಲಿ ರಾಗಿ ಹೊಲವೂ ಇದೆ, ಭತ್ತದ ಗದ್ದೆಯೂ ಇದೆ. ಖುಷ್ಕಿ (ಮಳೆ ನಂಬಿದ ಹೊಲ) ಯಾವುದು, ತರಿ (ನೀರಾವರಿ ಗದ್ದೆ) ಯಾವುದು, ಬಾಗಾಯ್ತು (ತೋಟ) ಯಾವುದು ಅಂತ ಟೋಪೋ ಹಾಳೆ ಬಿಡಿಸಿ ಹೇಳುವುದಿಲ್ಲ. ಏರಿಯ ಯಾವ ಕಡೆ ಅಂತ ನೋಡಿ ನೀವೇ ಊಹಿಸಬೇಕು.

ಬಾವಿಗಳನ್ನು ಎಣಿಸಲು ಮರೆಯಬೇಡಿ. ಸಣ್ಣ ನೀಲಿ ಸುತ್ತುಗಳು. ಕೆರೆಯ ಕೆಳಗೆ ಅವು ಗುಂಪಾಗಿರುತ್ತವೆ, ದಿಣ್ಣೆಯ ಮೇಲೆ ಅಪರೂಪ. ಕೆರೆಯಲ್ಲಿ ನಿಂತ ನೀರು ಇಂಗಿ ಈ ಬಾವಿಗಳಲ್ಲಿ ಮೇಲೆ ಬರುತ್ತಿತ್ತು. ತೂಬು ತೆರೆಯದ ದಿನವೂ ಕೆರೆ ಹೀಗೆ ಜಮೀನಿಗೆ ನೀರು ಕೊಡುತ್ತಿತ್ತು. ಈಗ ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಗಳು ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಮೇಲೆ ನಿಂತಿವೆ. ತೆರೆದ ಬಾವಿಯಲ್ಲಿ ನೀರು ಕೈಗೆ ಎಟುಕುತ್ತಿದ್ದ ಕಾಲದ ಸಾಕ್ಷಿ ಈ ಹಾಳೆಯಲ್ಲಿದೆ. ನೀರು ಎಷ್ಟು ಆಳಕ್ಕೆ ಹೋಯಿತು ಅನ್ನುವುದನ್ನು ಯಾವ ಭಾಷಣಕ್ಕಿಂತ ಚೆನ್ನಾಗಿ ಇದು ಹೇಳುತ್ತದೆ ಅಂತ ನನ್ನ ನಂಬಿಕೆ. ನಕ್ಷೆಯಲ್ಲಿರುವ ಬಾವಿಗಳಲ್ಲಿ ಎಷ್ಟು ಉಳಿದಿವೆ, ಎಷ್ಟು ಮುಚ್ಚಿವೆ ಅಂತ ಮಕ್ಕಳು ಒಂದು ಪಟ್ಟಿ ಮಾಡಲಿ.

ತುಮಕೂರು ಜಿಲ್ಲೆಯ ಓದುಗರಿಗೆ ಇಲ್ಲೊಂದು ಮಾತು. ಮಧುಗಿರಿ, ಕೊರಟಗೆರೆ, ಪಾವಗಡದ ಕಡೆ ತಲಪರಿಗೆಗಳು ಇವೆ: ಕೈಯಿಂದ ತೋಡಿದ ಊಟೆಗಳು, ಅವುಗಳಿಂದ ಹೊರಟ ಸಣ್ಣ ಕಾಲುವೆಗಳು. ಟೋಪೋ ಹಾಳೆಯಲ್ಲಿ ಅವಕ್ಕೆ ಬೇರೆ ಚಿಹ್ನೆ ಇಲ್ಲ. ಇದ್ದರೂ ಚಿಲುಮೆ ಅಂತಲೋ ಬಾವಿ ಅಂತಲೋ ಬಂದಿರುತ್ತದೆ. ನಕ್ಷೆಯಲ್ಲಿಲ್ಲ ಅಂದ ಮಾತ್ರಕ್ಕೆ ನೆಲದ ಮೇಲೆ ಇರಲಿಲ್ಲ ಅಂತ ತೀರ್ಮಾನ ಮಾಡಬೇಡಿ. ಊರಿನ ಹಿರಿಯರನ್ನು, ಕೆರೆ ನೀರು ಹಂಚುತ್ತಿದ್ದ ನೀರುಗಂಟಿ ಮನೆತನದವರನ್ನು ಕೇಳಿ.

ಕಂದು ಬಣ್ಣದ ಗೆರೆಗಳಿಗೆ ಬರೋಣ. ಪಾಠದಲ್ಲಿ ನೀವು ಸಮೋನ್ನತಿ ರೇಖೆ ಅಂತ ಹೇಳಿರುತ್ತೀರಿ. 1:50,000 ಹಾಳೆಯಲ್ಲಿ ಸಾಮಾನ್ಯವಾಗಿ ಎರಡು ಗೆರೆಗಳ ನಡುವೆ 20 ಮೀಟರ್ ಏರಿಳಿತ. ಪಕ್ಕದ 57 ಜಿ/11 ಹಾಳೆಯಲ್ಲಿ 1,478 ಮೀಟರ್‌ನ ನಂದಿ ಬೆಟ್ಟದ ಸುತ್ತ ಈ ಗೆರೆಗಳು ಒಂದರ ಮೇಲೊಂದು ಬಿದ್ದಂತೆ ಇರುತ್ತವೆ. ಅದನ್ನು ಓದುವುದು ಸುಲಭ. ಕಷ್ಟ ಇರುವುದು ನಿಮ್ಮ ಊರಿನಂಥ ಕಡೆ. ಅಲ್ಲಿ ಎರಡು ಗೆರೆಗಳ ನಡುವೆ ಒಂದು ಕಿಲೋಮೀಟರ್ ಖಾಲಿ ಇದ್ದರೂ ಇರಬಹುದು. ನೋಡಿದವರಿಗೆ ನೆಲ ಸಪಾಟು ಅನಿಸುತ್ತದೆ. ನಮ್ಮ ನೆಲ ಸಪಾಟಲ್ಲ. ನಾಲ್ಕೈದು ಮೀಟರ್‌ನ ಇಳಿಜಾರಿನಲ್ಲೇ ಇಲ್ಲಿನ ಇಡೀ ಕೃಷಿ ನಡೆದಿದೆ. ಏರಿಗಳು ನಿಂತಿರುವುದೂ ಅಂಥ ಇಳಿಜಾರಿನಲ್ಲೇ. ಆ ಇಳಿಜಾರು ಗೆರೆಗಳ ನಡುವೆ ಅಡಗಿ ಹೋಗುತ್ತದೆ. ಅದನ್ನು ಮತ್ತೆ ಹಿಡಿಯಲು ದಾರಿ ಎಂದರೆ ಕಪ್ಪು ಗೆರೆಗಳೇ. ಹಳ್ಳ ಎಲ್ಲಿ ಹೋಗುತ್ತದೋ ಅಲ್ಲಿ ತಗ್ಗು. ಎರಡು ಹಳ್ಳಗಳ ನಡುವಿನ ಖಾಲಿ ಜಾಗ ದಿಣ್ಣೆ. ಕಂದು ಗೆರೆ ಹಳ್ಳವನ್ನು ದಾಟುವಾಗ ಇಂಗ್ಲಿಷಿನ ವಿ ಅಕ್ಷರದಂತೆ ಮಡಚಿಕೊಳ್ಳುತ್ತದೆ, ಅದರ ಚೂಪು ತುದಿ ಯಾವಾಗಲೂ ನೀರು ಬರುವ ದಿಕ್ಕಿಗೆ. ಇದು ಗೊತ್ತಿದ್ದರೆ ಯಾವ ಹಳ್ಳ ಯಾವ ಕಡೆ ಹರಿಯುತ್ತದೆ ಅನ್ನುವ ಅನುಮಾನ ಉಳಿಯುವುದಿಲ್ಲ.

ದಿಣ್ಣೆಗಳನ್ನು ಗುರುತು ಮಾಡುವುದರಲ್ಲಿ ಒಂದು ದೊಡ್ಡ ಸಂತೋಷ ಇದೆ. ಟ್ರೇಸಿಂಗ್ ಪೇಪರಿನ ಮೇಲೆ ಕೆಂಪು ಪೆನ್ಸಿಲ್ಲಿನಿಂದ, ಯಾವ ಹಳ್ಳವನ್ನೂ ದಾಟದೆ, ಒಂದು ಗೆರೆ ಎಳೆಯುತ್ತಾ ಹೋಗಿ. ಆ ಗೆರೆಯ ಎರಡು ಕಡೆ ಬಿದ್ದ ಮಳೆ ಬೇರೆ ಬೇರೆ ಹಳ್ಳಗಳ ದಾರಿ ಹಿಡಿಯುತ್ತದೆ. ನಂದಿಯ ಸುತ್ತಲಿನ ಬೆಟ್ಟಸಾಲು ಈ ವಿಷಯದಲ್ಲಿ ಇಡೀ ದಕ್ಷಿಣ ಭಾರತಕ್ಕೇ ವಿಶೇಷ. ಅಲ್ಲಿಂದ ಉತ್ತರ ಪಿನಾಕಿನಿ ಆಂಧ್ರದ ಕಡೆ ಹೊರಟು ನೆಲ್ಲೂರಿನ ಹತ್ತಿರ ಸಮುದ್ರ ಸೇರುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೇಲೆ ಹಾದು ತಮಿಳುನಾಡಿಗೆ ಹೋಗುತ್ತದೆ. ಅರ್ಕಾವತಿ ಕಾವೇರಿಗೆ. ಚಿತ್ರಾವತಿ, ಪಾಪಾಗ್ನಿ ಎರಡೂ ಉತ್ತರಕ್ಕೆ ಹರಿದು ಕೊನೆಗೆ ಉತ್ತರ ಪಿನಾಕಿನಿಗೇ. ತುಮಕೂರಿನ ದೇವರಾಯನದುರ್ಗದಲ್ಲೂ ಹೀಗೇ. ಒಂದೇ ಬೆಟ್ಟದಿಂದ ಜಯಮಂಗಲಿ ಉತ್ತರ ಪಿನಾಕಿನಿಗೆ, ಶಿಂಷಾ ಕಾವೇರಿಗೆ. ನಿಮ್ಮ ಶಾಲೆಯ ಛಾವಣಿಯ ನೀರು ಯಾವ ಸಮುದ್ರತೀರಕ್ಕೆ ಹೋಗಬೇಕಿತ್ತು ಅಂತ ಮಕ್ಕಳು ಹಾಳೆ ನೋಡಿ ಹೇಳುವಂತಾಗಲಿ. ಅದಕ್ಕಿಂತ ಒಳ್ಳೆಯ ಭೂಗೋಳ ಪಾಠ ನನಗೆ ಗೊತ್ತಿಲ್ಲ.

ಕಾಣೆಯಾದ ಹಳ್ಳಿಯ ವಿಷಯ. ಇದು ನಮ್ಮ ಕಡೆ ಹೊಸದೇನಲ್ಲ. ಕಂದಾಯ ದಾಖಲೆಯಲ್ಲಿ ಜನವಸತಿ ಇಲ್ಲದ ಊರನ್ನು ಬೇಚರಾಕ್ ಗ್ರಾಮ ಅನ್ನುತ್ತಾರೆ. ಊರು ಹೋದರೂ ಅದರ ಎಲ್ಲೆ, ಸರ್ವೆ ನಂಬರುಗಳು ಉಳಿದಿರುತ್ತವೆ. ಪ್ಲೇಗು, ಬರ, ನೀರಿನ ಕೊರತೆ, ಜನ ರಸ್ತೆಯ ಪಕ್ಕಕ್ಕೆ ಸರಿದದ್ದು, ಹೀಗೆ ಕಾರಣಗಳು ಊರಿನಿಂದ ಊರಿಗೆ ಬೇರೆ. ನಕ್ಷೆ ಕಾರಣ ಹೇಳುವುದಿಲ್ಲ. ಹೆಸರಿನ ಹತ್ತಿರ ಕೆಂಪು ಬಣ್ಣದಲ್ಲಿ ಮನೆಗಳ ಗುರುತು ಇದೆಯೋ, ಬರೀ ಹೆಸರೋ ಅಂತ ಮೊದಲು ನೋಡಿ. ಬರೀ ಹೆಸರಾದರೆ ಸರ್ವೆಯ ಹೊತ್ತಿಗೇ ಊರು ಖಾಲಿಯಾಗಿರಬಹುದು. ಆಮೇಲೆ ಆ ಜಾಗಕ್ಕೆ ಹೋಗಿ. ಹಾಳುಬಿದ್ದ ಗುಡಿ, ಒಂದು ಕಟ್ಟೆ, ಹುಣಸೆಮರ, ಮಡಕೆಚೂರು ಬೆರೆತ ಬೂದು ಮಣ್ಣು, ಇವುಗಳಲ್ಲಿ ಏನಾದರೂ ಸಿಕ್ಕೇ ಸಿಗುತ್ತದೆ. ಹೆಸರುಗಳ ಸ್ಪೆಲ್ಲಿಂಗ್ ಇಂಗ್ಲಿಷಿನಲ್ಲಿ ಹೇಗೆ ಹೇಗೋ ಇರುತ್ತದೆ. ಜೋರಾಗಿ ಓದಿ, ಹಿರಿಯರ ಕಿವಿಗೆ ಬೀಳಲಿ, ಅವರು ಸರಿಯಾದ ಹೆಸರು ಹೇಳುತ್ತಾರೆ. ಬಂಗಾರಪೇಟೆ ಹಳೆಯ ಹಾಳೆಗಳಲ್ಲಿ ಬೌರಿಂಗ್‌ಪೇಟೆ ಅಂತಿದೆ. 2007ಕ್ಕೆ ಮುಂಚಿನ ಯಾವ ಹಾಳೆಯಲ್ಲೂ ಚಿಕ್ಕಬಳ್ಳಾಪುರ ಜಿಲ್ಲೆ ಇರುವುದಿಲ್ಲ, ನಿಮ್ಮ ಊರೂ ಕೋಲಾರ ಜಿಲ್ಲೆಯಲ್ಲೇ.

ರಸ್ತೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಟಾರು ರಸ್ತೆಗಿಂತ ತುಂಡುಗೆರೆಯ ಬಂಡಿದಾರಿಗಳನ್ನು ನೋಡಿ. ಅವು ದಿಣ್ಣೆಯ ಮೇಲೆ ಹೋಗುತ್ತವೆ, ಹಳ್ಳ ದಾಟಬೇಕಾದರೆ ಏರಿಯ ಮೇಲೇ ದಾಟುತ್ತವೆ. ಮಳೆಗಾಲದಲ್ಲೂ ಗಾಡಿ ಹೂತುಹೋಗದ ಜಾಗ ಯಾವುದು ಅಂತ ಗೊತ್ತಿದ್ದವರು ಹಾಕಿದ ದಾರಿ ಅದು. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಬರುತ್ತಿದ್ದ ಎರಡೂವರೆ ಅಡಿ ಅಗಲದ ಸಣ್ಣ ರೈಲುಹಳಿಯೂ ನಿಮ್ಮ ಹಾಳೆಯಲ್ಲಿರಬೇಕು. ಈಗಿನ ಬ್ರಾಡ್‌ಗೇಜ್ ಹಳಿ ಎಲ್ಲೆಲ್ಲಿ ಅದೇ ಜಾಡಿನಲ್ಲಿದೆ, ಎಲ್ಲಿ ಪಕ್ಕಕ್ಕೆ ಸರಿದಿದೆ ಅಂತ ಹೋಲಿಸುವುದು ಹುಡುಗರಿಗೆ ತುಂಬ ಇಷ್ಟವಾಗುತ್ತದೆ.

ಎಷ್ಟು ನಂಬಬಹುದು ಅಂತ ಕೇಳಿದ್ದೀರಿ. ಬೆಟ್ಟದ ತುದಿಯಲ್ಲಿ ತ್ರಿಕೋನದ ಗುರುತು, ಪಕ್ಕದಲ್ಲಿ ಎತ್ತರದ ಅಂಕಿ ಇದೆಯಲ್ಲ, ಅದು ತ್ರಿಕೋನಮಾಪನದ ಠಾಣೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ನೆಲದ ಮೇಲೆ ಒಂದು ಗೆರೆ ಅಳೆದು ಶುರು ಮಾಡಿದ ಕೆಲಸದ ಮುಂದುವರಿಕೆ. 1804ರಲ್ಲಿ ಬೆಂಗಳೂರಿನ ಹತ್ತಿರವೂ ಅಂಥದೇ ಒಂದು ಗೆರೆ ಅಳೆದು ಲೆಕ್ಕ ತಾಳೆ ನೋಡಿದರು. ಹಾಗಾಗಿ ಬೆಟ್ಟ, ಗುಡಿ, ಏರಿ, ಕೂಡುರಸ್ತೆ ಇವುಗಳ ಜಾಗ ಚೆನ್ನಾಗಿ ನಂಬಬಹುದು. ಮರ, ಕುರುಚಲು, ಸಾಗುವಳಿಯ ಅಂಚು, ಇವು ಸರ್ವೆಯ ವರ್ಷಕ್ಕೆ ಮಾತ್ರ ಸತ್ಯ. ಹಳೆಯ ಹಾಳೆಯಲ್ಲಿ ಬರೀ ಹುಲ್ಲು, ಕುರುಚಲು ಇದ್ದ ಗೋಮಾಳ ಆಮೇಲೆ ನೀಲಗಿರಿ ತೋಪಾಗಿರಬಹುದು. ಬಂಡೆಯ ಗುರುತು ಇದ್ದ ಗುಡ್ಡ ಈಗ ಕಲ್ಲುಕ್ವಾರಿಯ ಗುಂಡಿಯಾಗಿರಬಹುದು. ಅಂಥ ಜಾಗ ಕಂಡರೆ ಬರೆದಿಡಿ. ಗುಡ್ಡ ಹೋದ ಮೇಲೆ ಅದರ ಎತ್ತರ ಉಳಿಯುವುದು ಹಳೆಯ ಹಾಳೆಯಲ್ಲಿ ಮಾತ್ರ.

ಇದನ್ನು ಈಗಿನ ಉಪಗ್ರಹ ಚಿತ್ರದ ಮೇಲೆ ಕೂರಿಸಿ ನೋಡುವ ಆಸೆ ನಿಮಗೆ ಬಂದೇ ಬರುತ್ತದೆ. ಗೂಗಲ್ ಅರ್ಥ್‌ನಲ್ಲಿ ಮಾಡಬಹುದು. ಒಂದು ಎಚ್ಚರಿಕೆ: ಹಳೆಯ ಹಾಳೆಯ ಅಕ್ಷಾಂಶ, ರೇಖಾಂಶಗಳು ಎವರೆಸ್ಟ್ ಎಂಬ ಹಳೆಯ ಲೆಕ್ಕದವು. ಮೊಬೈಲಿನ ಜಿಪಿಎಸ್ ಬೇರೆ ಲೆಕ್ಕದ್ದು. ಅಂಕಿಗಳನ್ನು ಸುಮ್ನೆ ಹಾಗೇ ಹಾಕಿದರೆ ನಮ್ಮ ಕಡೆ ಸುಮಾರು 200 ಮೀಟರ್ ವ್ಯತ್ಯಾಸ ಬರುತ್ತದೆ. 200 ಮೀಟರ್ ಅಂದರೆ ಹಳ್ಳ ಒಬ್ಬರ ಜಮೀನಿನಿಂದ ಇನ್ನೊಬ್ಬರ ಜಮೀನಿಗೆ ಹೋಗುತ್ತದೆ, ಊರಲ್ಲಿ ಸುಮ್ಮನೆ ಜಗಳ. ಅಂಕಿ ಬಿಡಿ, ಅಲುಗಾಡದ ವಸ್ತುಗಳನ್ನು ಹಿಡಿಯಿರಿ. ಕೆರೆ ಏರಿಯ ಎರಡು ತುದಿ, ಹಳೆಯ ಗುಡಿ, ಬೆಟ್ಟದ ನೆತ್ತಿ. ಅಂಥ ಐದಾರು ಜಾಗ ಎರಡರಲ್ಲೂ ಹೊಂದಿಸಿದರೆ ಉಳಿದದ್ದು ಸಾಕಷ್ಟು ಸರಿಹೋಗುತ್ತದೆ.

ಉಪಗ್ರಹ ಚಿತ್ರ ನೋಡುವಾಗ ತೆಗೆದ ದಿನಾಂಕವನ್ನೂ ನೋಡಿ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಅಂಥದೇ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯ ನೀರು ಚಿಕ್ಕಬಳ್ಳಾಪುರದ ಕಡೆಗೆ. ಈಗ ನೀಲಿಯಾಗಿ ಕಾಣುವ ಕೆರೆ ತನ್ನ ಹಳ್ಳದ ನೀರಿನಿಂದಲೇ ತುಂಬಿದೆ ಅಂತ ಹೇಳುವಂತಿಲ್ಲ. ಪೈಪಿನ ನೀರಿನಿಂದ ಕೆರೆ ತುಂಬಿದಾಗ ಊರಿನವರು ಕೆರೆಗೆ ಮಳೆನೀರು ತರುವ ರಾಜಕಾಲುವೆಯನ್ನು ಮರೆತುಬಿಡುತ್ತಾರೆ. ನನಗೆ ತುಂಬ ಆತಂಕ ತರುವ ವಿಷಯ ಇದು. 2021ರ ನವೆಂಬರಿನಲ್ಲಿ ಭಾರಿ ಮಳೆಯಾಗಿ ಈ ಎರಡು ಜಿಲ್ಲೆಗಳಲ್ಲಿ ಎಷ್ಟೋ ಕೆರೆಗಳು ಬಹಳ ವರ್ಷಗಳ ಮೇಲೆ ಕೋಡಿ ಬಿದ್ದವು. ನೀರು ಹೊಲಕ್ಕೆ, ರಸ್ತೆಗೆ, ಮನೆಗಳಿಗೆ ನುಗ್ಗಿತು. ನೀರು ದಾರಿ ತಪ್ಪಿತು ಅಂತ ಜನ ಹೇಳಿದರು. ಅಂಥ ಕಡೆಗಳಲ್ಲಿ ಟೋಪೋ ಹಾಳೆ ತೆಗೆದು ನೋಡಿದರೆ ಬಹಳ ಸಲ ನೀರು ಹೋಗಿರುವುದು ಅದೇ ಕಪ್ಪು ಗೆರೆಯ ಮೇಲೆ. ಹಳ್ಳ ಹತ್ತಿಪ್ಪತ್ತು ವರ್ಷ ಒಣಗಿದ್ದರೂ ಹಳ್ಳವೇ. ಅದಕ್ಕೆ ಅಡ್ಡ ಕಟ್ಟಿದ ಮನೆಯವರಿಗೆ ಈ ಮಾತು ಮೊದಲೇ ತಿಳಿದಿರಬೇಕಿತ್ತು, ಅಲ್ವಾ?

ಕೊನೆಯ ಪ್ರಶ್ನೆ, ದಾಖಲೆ. ಟೋಪೋ ಹಾಳೆ ಒಂದೇ ನಿಮ್ಮ ಹಳ್ಳವನ್ನು ಬಿಡಿಸಿಕೊಡುವುದಿಲ್ಲ. ಅದು ಜಮೀನಿನ ಎಲ್ಲೆ ತೋರಿಸುವುದಿಲ್ಲ, ಯಾರ ಸ್ವತ್ತು ಅಂತ ಹೇಳುವುದಿಲ್ಲ. ಪೆನ್ಸಿಲ್ಲಿನಷ್ಟು ದಪ್ಪದ, ಅರ್ಧ ಮಿಲಿಮೀಟರ್ ಗೆರೆ ಅಲ್ಲಿ 25 ಮೀಟರ್ ಅಗಲ. ಹಳ್ಳ ಇತ್ತು, ಈ ದಿಕ್ಕಿನಿಂದ ಬಂದು ಈ ಕೆರೆ ಸೇರುತ್ತಿತ್ತು ಅನ್ನುವುದಕ್ಕೆ ಮಾತ್ರ ಅದು ಬಲವಾದ ಪೋಷಕ ಸಾಕ್ಷಿ. ಎಲ್ಲೆಗೆ ಬೇಕಾದ್ದು ಕಂದಾಯ ಇಲಾಖೆಯ ಗ್ರಾಮ ನಕ್ಷೆ. ಅದು 1:7,920 ಸ್ಕೇಲಿನದು, ಅಂದರೆ ಮೈಲಿಗೆ ಎಂಟು ಇಂಚು. ನಿಮ್ಮ ಹಾಳೆಗಿಂತ ಆರು ಪಟ್ಟಿಗೂ ಹೆಚ್ಚು ದೊಡ್ಡದಾಗಿ ನೆಲವನ್ನು ತೋರಿಸುತ್ತದೆ. ಸರ್ವೆ ನಂಬರುಗಳು, ಕೆರೆ, ಹಳ್ಳ, ನಕಾಶೆ ದಾರಿ ಎಲ್ಲ ಅದರಲ್ಲಿ ಇರುತ್ತವೆ. ಕಂದಾಯ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕ್ಷೆಗಳು ಸಿಗುತ್ತವೆ. ದಿಶಾಂಕ್ ಆ್ಯಪಿನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಗೊತ್ತಾಗುತ್ತದೆ, ಆದರೆ ಅದನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ.

ಸರ್ವೆ ನಂಬರ್ ಸಿಕ್ಕಿದ ಮೇಲೆ ತಾಲ್ಲೂಕು ಕಚೇರಿಯ ಸರ್ವೆ ಶಾಖೆಯಲ್ಲಿ ಅದರ ಟಿಪ್ಪಣಿ (ಅಳತೆಯ ನಕ್ಷೆ) ಮತ್ತು ವಿಸ್ತೀರ್ಣ, ಕಂದಾಯ ಬರೆದಿಟ್ಟ ಆಕಾರ್‌ಬಂದ್ ಪ್ರತಿ ಕೇಳಿ. ಆ ನಂಬರಿನಲ್ಲಿ ಬಿ ಖರಾಬು ಎಷ್ಟು ಗುಂಟೆ ಅಂತ ನೋಡಿ. ಹಳ್ಳ, ದಾರಿ, ಸಾರ್ವಜನಿಕ ಬಳಕೆಯ ಜಾಗ ಬಿ ಖರಾಬಿನಲ್ಲಿ ಬರುತ್ತದೆ. ಅದು ಯಾರ ಖಾತೆಗೂ ಸೇರಿದ್ದಲ್ಲ. ಗ್ರಾಮ ನಕ್ಷೆಯಲ್ಲಿ ಹಳ್ಳ, ಆಕಾರ್‌ಬಂದಿನಲ್ಲಿ ಖರಾಬು, ಟೋಪೋ ಹಾಳೆಯಲ್ಲಿ ಕಪ್ಪು ಗೆರೆ, ಮೂರೂ ಒಂದೇ ಮಾತು ಹೇಳಿದರೆ ಅರ್ಜಿಗೆ ತೂಕ ಬರುತ್ತದೆ. ಅರ್ಜಿಯನ್ನು ಗ್ರಾಮ ಪಂಚಾಯಿತಿಯ ಮೂಲಕ ತಹಶೀಲ್ದಾರರಿಗೆ ಕೊಡಿಸಿ. ನೀವೊಬ್ಬರೇ ಮೇಷ್ಟ್ರು ಹೋಗಿ ಒಬ್ಬ ರೈತರ ತೋಟದ ಮೇಲೆ ದೂರು ಕೊಟ್ಟಂತೆ ಆಗಬಾರದು. ಆ ತೋಟದವರಿಗೂ ಹಾಳೆ ತೋರಿಸಿ. ಅವರ ಕೊಳವೆಬಾವಿಗೆ ನೀರು ಇಂಗಬೇಕಾದ್ದೂ ಅದೇ ಕೆರೆಯಿಂದ. ಎಷ್ಟೋ ಊರುಗಳಲ್ಲಿ ಅಳತೆಗೆ ಮುಂಚೆಯೇ ಮಾತಿನಲ್ಲಿ ಒಂದು ಕಾಲುವೆಯಷ್ಟು ಜಾಗ ಬಿಟ್ಟುಕೊಟ್ಟಿದ್ದಾರೆ.

ಇನ್ನೊಂದು ಕೆಲಸ ಬಾಕಿ ಇದೆ. ನಿಮ್ಮ ಸರಪಳಿಯ ಕೆರೆಗಳು 57 ಜಿ/15ರ ಅಂಚಿನಲ್ಲೇ ನಿಲ್ಲುವುದಿಲ್ಲ. ಹಳ್ಳ ಅಂಚಿನಿಂದ ಆಚೆ ಹೋದರೆ ಪಕ್ಕದ ಹಾಳೆ ಬೇಕು. ಪಶ್ಚಿಮಕ್ಕೆ 57 ಜಿ/11, ಉತ್ತರಕ್ಕೆ 57 ಜಿ/14, ದಕ್ಷಿಣಕ್ಕೆ 57 ಜಿ/16, ಪೂರ್ವಕ್ಕೆ ಚಿಂತಾಮಣಿ ಕಡೆಯ 57 ಕೆ/3. ಸರ್ವೆ ಆಫ್ ಇಂಡಿಯಾ 2005ರ ನಕ್ಷೆ ನೀತಿಯ ನಂತರ ಸಾರ್ವಜನಿಕರಿಗೆ ಮುಕ್ತ ಸರಣಿಯ ಹಾಳೆಗಳನ್ನು ತಂದಿದೆ, ಅವನ್ನು ಅದರ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಅವುಗಳ ನಂಬರು ಬೇರೆ ರೀತಿ ಇರುತ್ತದೆ, ಲೆಕ್ಕವೂ ಜಿಪಿಎಸ್‌ಗೆ ಹೊಂದುವ ಲೆಕ್ಕ. ಆದರೆ ಅವು ಹೊಸ ಹಾಳೆಗಳು. ನಿಮ್ಮ ಬೀರುವಿನಲ್ಲಿರುವುದರ ಜಾಗವನ್ನು ಅವು ತುಂಬುವುದಿಲ್ಲ. ಆದ್ದರಿಂದ ಮೊದಲು ಆ ಹಳೆಯ ಹಾಳೆಯನ್ನು ಮಡಚದೆ, ಬಿಸಿಲಿಗೆ ಹಿಡಿಯದೆ, ಮೇಲಿಂದ ನೇರವಾಗಿ ನಾಲ್ಕು ಅಂಚು ಸೇರಿಸಿ ಚೆನ್ನಾಗಿ ಸ್ಕ್ಯಾನ್ ಮಾಡಿಸಿ. ಮಕ್ಕಳು ಪ್ರತಿಯ ಮೇಲೆ ಗೆರೆ ಎಳೆಯಲಿ.